ಮಕ್ಕಳ ಆಸ್ಪತ್ರೆಯಲ್ಲಿ ದಾದಿಯ ಮಾತು

ಕ್ರಿ. ಶ. 1852ನೆಯ ಇಸವಿಯ ಫೆಬ್ರವರಿ 14ನೆಯ ತಾರೀಖಿನ ದಿವಸ ಲಂಡನ್ ನಗರದ ಗ್ರೇಟ್ ಆರ್ಮಂಡ್ ಬೀದಿಯ 49ನೆಯ ನಂಬರಿನ ಮನೆಯಲ್ಲಿ ಕೇವಲ ಹತ್ತು ಮಂಚಗಳ ಒಂದು ಸಣ್ಣ ಆಸ್ಪತ್ರೆಯು ತೆರೆಯಲ್ಪಟ್ಟಿತು. ಆ ಮನೆಯು ಅದಕ್ಕೆ ನೂರು ವರ್ಷಗಳ ಹಿಂದೆ ರಿಚರ್ಡ್ ಮೀಡ್ ಎಂಬ ರಾಜವೈದ್ಯನ ವಾಸಸ್ಥಾನವಾಗಿತ್ತು. ಈಗ ಅಲ್ಲಿಗೆ ಬಂದವರು ಬಡವರ ಮಕ್ಕಳು. ಇಂಗ್ಲೆಂಡಿನಲ್ಲಿ ಮಕ್ಕಳನ್ನು ಮಾತ್ರವೇ ಒಳರೋಗಿಗಳನ್ನಾಗಿ ಇಟ್ಟುಕೊಂಡು ಚಿಕಿತ್ಸೆ ಮಾಡುವ ಆಸ್ಪತ್ರೆಗಳಲ್ಲಿ ಇದೇ ಮೊದಲನೆಯದು. ಇದಕ್ಕೆ ಮುಂಚೆ ರೋಗಿಗಳಾದ ಮಕ್ಕಳ ಸ್ಥಿತಿಯು ಹೇಗಿದ್ದಿತೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1843ರಲ್ಲಿ ಲಂಡನ್ನಿನ ಆಸ್ಪತ್ರೆಗಳಲ್ಲಿದ್ದ ಸುಮಾರು 2,400 ರೋಗಿಗಳಲ್ಲಿ ಹತ್ತು ವರ್ಷಕ್ಕಿಂತ ಕಡಮೆ ವಯಸ್ಸಿನವರು 26 ಮಂದಿ ಮಾತ್ರ. ಮಕ್ಕಳಿಗೆ ರೋಗವಿರಲಿಲ್ಲವೆಂದಲ್ಲ, ಆ ನಗರದಲ್ಲಿ ವರ್ಷಂಪ್ರತಿ ಸಾಯುತ್ತಿದ್ದವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಮೆಯಷ್ಟು ಜನ ಆ ವಯಸ್ಸಿನವರೇ. ಆದರೆ ಮಗುವೊಂದನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ಅದಕ್ಕೇ ಒಬ್ಬ ದಾದಿಯು ಬೇಕಾಗುವಳು, ಅದರ ಜೊತೆಗೆ ಅಂಟುಜ್ವರವೂ ಒಳಗೆ ಬರುವುದು, ಎಂದು ಆಸ್ಪತ್ರೆಯವರು ಬಾಗಿಲು ಹಾಕಿಕೊಂಡಿದ್ದರು.

ಬಾಗಿಲು ತೆರೆಯಿಸಿದವರು ಡಾಕ್ಟರ್ ಚಾರ್ಲ್ಸ್ ವೆಸ್ಟ್ (1816–1898). ಇವರು ಮೊದಲು ವಾಟರ್ಲೂ ರಸ್ತೆಯ ಒಂದು ಧರ್ಮೌಷಧಾಲಯದಲ್ಲಿ ಬಡಮಕ್ಕಳನ್ನು ನೋಡುತ್ತ ಹಲವು ವರ್ಷ ಕಳೆದವರು. ಆ ಅನುಭವದ ಫಲವಾಗಿ 1848ರಲ್ಲಿ ಪ್ರಕಟವಾದ ಅವರ ಉಪನ್ಯಾಸಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಮಗುವಿನ ರೋಗವನ್ನು ತಿಳಿಯಬೇಕಾದರೆ ಮೊದಲು ಮಗುವಿನ ಭಾಷೆಯನ್ನು ಕಲಿಯಬೇಕು. ಪ್ರಶ್ನೆಮಾಡಿದರೆ ಅದು ಉತ್ತರ ಕೊಡಲಾರದು. ಮುಖವನ್ನು ದಿಟ್ಟಿಸಿದರೆ ಹೆದರಿ ಅಳುವುದು. ನಾಡಿಯನ್ನು ಹಿಡಿಯಹೋದರೆ ಕೈಯನ್ನು ಕೊಸರಿಕೊಳ್ಳುವುದು. ಆದುದರಿಂದ ಕೋಣೆಯೊಳಕ್ಕೆ ಸದ್ದಿಲ್ಲದೆ ಬಂದು, ಮಗುವನ್ನು ನೋಡದವರಂತೆ ಕುಳಿತು, ತಾಯಿಯೊಡನೆ ಮೆಲ್ಲನೆ ಮಾತನಾಡುತ್ತ, ಅದು ಹೊಸಬರಿಗೆ ಒಗ್ಗಿಕೊಳ್ಳುವವರೆಗೆ ತಾಳಿಕೊಂಡಿರಬೇಕೆಂದು ಅವರು ಎಳೆಯ ವೈದ್ಯರಿಗೆ ಕಲಿಸಿದರು. ಮಗುವಿನ ಸಂಗಡ ಮಾತನಾಡುವ ದಾರಿಯು ತಾಯಿಯ ಮೂಲಕ ಹಾದುಹೋಗುತ್ತದೆಂಬ ಈ ಸೂಕ್ಷ್ಮವನ್ನು ಅವರ ನಂತರದವರು ಮರೆತದ್ದೇ ಈ ಚರಿತ್ರೆಯ ಬಹುಭಾಗವೆನ್ನಬೇಕು.

ಆಸ್ಪತ್ರೆಯು ತೆರೆದ ಎರಡು ವರ್ಷಗಳಿಗೆ, ಎಂದರೆ 1854ರಲ್ಲಿ, ವೆಸ್ಟರು ತಮ್ಮಲ್ಲಿನ ದಾದಿಯರಿಗಾಗಿಯೇ ರೋಗಿಗಳಾದ ಮಕ್ಕಳ ಶುಶ್ರೂಷೆಯನ್ನು ಕುರಿತು ಒಂದು ಕಿರುಹೊತ್ತಿಗೆಯನ್ನು ಬರೆದರು. ನೈಟಿಂಗೇಲ್ ಎಂಬ ಪ್ರಸಿದ್ಧ ಮಹಿಳೆಯ ಪುಸ್ತಕಕ್ಕಿಂತ ಇದು ಐದು ವರ್ಷ ಹಿಂದಿನದು. ಮಕ್ಕಳ ಮೇಲೆ ಸಹಜವಾದ ಅಕ್ಕರೆಯಿಲ್ಲದವಳು ಈ ಕೆಲಸಕ್ಕೆ ಬರಲೇಬಾರದು. ಮಗುವಿಗೆ ಸುಳ್ಳು ಹೇಳಬಾರದು. ಒಂದು ಸಲ ಮೋಸಹೋದ ಮಗುವು ಮತ್ತೆ ಆ ದಾದಿಯ ಕೈಯಿಂದ ಔಷಧವನ್ನು ಸುಲಭವಾಗಿ ತೆಗೆದುಕೊಳ್ಳಲಾರದು, ಎಂಬ ರೀತಿಯ ಉಪದೇಶಗಳು ಅದರಲ್ಲಿವೆ. ಎರಡು ವರ್ಷಕ್ಕಿಂತ ಸಣ್ಣ ಕೂಸುಗಳನ್ನು ತಾಯಿಯಿಂದ ಅಗಲಿಸುವುದು ಹಿತವಲ್ಲವೆಂದು ಅಂತಹವರನ್ನು ಆ ಆಸ್ಪತ್ರೆಯಲ್ಲಿ ಮೊದಮೊದಲು ಸಾಮಾನ್ಯವಾಗಿ ಒಳರೋಗಿಗಳನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲರ 1859ರ ಗ್ರಂಥವು ಮಕ್ಕಳಿಗೆಂದೇ ಬರೆದುದಲ್ಲ. ಆದರೂ ರೋಗಿಯೊಡನೆ ಮಾತನಾಡುವ ಬಗೆಯನ್ನು ಅಷ್ಟು ವಿವರವಾಗಿ ವಿಚಾರಮಾಡಿದವರು ಅವರಿಗೆ ಮೊದಲು ವಿರಳ. ರೋಗಿಯು ಕತ್ತು ತಿರುಗಿಸದೆ ಕಾಣುವಂತೆ ಅವನ ಎದುರಿಗೆ ಕುಳಿತು ಮಾತನಾಡಬೇಕು. ಬೆನ್ನ ಹಿಂದಿನಿಂದಾಗಲಿ, ಬಾಗಿಲಲ್ಲಿ ನಿಂತಾಗಲಿ ಮಾತನಾಡಬಾರದು. ಅವನ ವಿಷಯವಾಗಿ ಕೋಣೆಯ ಹೊರಗೆ ಪಿಸುಗುಟ್ಟುವುದು ಕ್ರೌರ್ಯವೇ ಸರಿ. ‘ಏನೂ ಇಲ್ಲ, ನಾಳೆ ಎದ್ದು ಓಡಾಡುವಿರಿ’ ಎಂಬಂತಹ ಪೊಳ್ಳು ಧೈರ್ಯವು ರೋಗಿಯನ್ನು ಮತ್ತಷ್ಟು ಒಂಟಿಯಾಗಿಸುವುದು, ಎಂಬುದು ಅವರ ಮತ. ಬರಿಯ ಮಕ್ಕಳ ಆಸ್ಪತ್ರೆಗಳ ವಿಷಯದಲ್ಲಿ ಅವರಿಗೆ ಸಂಶಯವೇ ಇದ್ದಿತು. ಸಾಧಾರಣ ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸೇ ಮಗುವಿಗೆ ಒಳ್ಳೆಯ ದಾದಿಯಾಗುವಳು, ಅದರಿಂದ ಇಬ್ಬರಿಗೂ ಗುಣ, ಎಂದು 1863ರಲ್ಲಿ ಅವರು ಬರೆದರು. ಕೂಡುಕುಟುಂಬದ ರೂಢಿಯಿರುವ ದೇಶದವರಿಗೆ ಈ ಮಾತು ವಿಚಿತ್ರವೆನಿಸಲಾರದು.

ಇಷ್ಟೆಲ್ಲ ತಿಳಿವಳಿಕೆಯು ಆರಂಭದಲ್ಲಿಯೇ ಇದ್ದರೂ ಮುಂದಿನ ಎಂಭತ್ತು ತೊಂಭತ್ತು ವರ್ಷಗಳಲ್ಲಿ ಮಕ್ಕಳ ವಾರ್ಡು ಮೂಕವಾಗುತ್ತ ಹೋಯಿತು. ಇದಕ್ಕೆ ಕಾರಣರಾದವರು ದುಷ್ಟರಲ್ಲ. ಗಂಟಲಮಾರಿ, ದಡಾರ, ಕೆಂಪುಜ್ವರಗಳಿಗೆ ಮದ್ದಿಲ್ಲದ ಕಾಲದಲ್ಲಿ ಹೊರಗಿನಿಂದ ಬಂದ ಒಬ್ಬರು ಒಂದು ವಾರ್ಡನ್ನೇ ಬರಿದು ಮಾಡಬಹುದಾಗಿದ್ದಿತು. ಕ್ರಿಮಿಗಳ ಶಾಸ್ತ್ರವು ಬೆಳೆದಂತೆ ಶುಚಿತ್ವವು ಬೆಳೆಯಿತು. ಶುಚಿತ್ವದೊಡನೆ ಶಿಸ್ತು ಬೆಳೆಯಿತು. ಶಿಸ್ತಿನ ಹೆಸರಿನಲ್ಲಿ ತಂದೆತಾಯಿಗಳು ಬೀದಿಯ ಪಾಲಾದರು. 1949ರಲ್ಲಿ ಲಂಡನ್ನಿನ ಹೆಸರುವಾಸಿಯಾದ ಆಸ್ಪತ್ರೆಗಳ ನಿಯಮಗಳನ್ನು ಕಲೆಹಾಕಿ ಒಂದು ವಾರಪತ್ರಿಕೆಯಲ್ಲಿ ಪ್ರಕಟಿಸಿದರು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಎರಡರಿಂದ ನಾಲ್ಕು ಗಂಟೆಯವರೆಗೆ ಮಾತ್ರ ಭೇಟಿ. ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಬುಧವಾರ ಒಂದೂವರೆ ಗಂಟೆ. ಸೇಂಟ್ ಥಾಮಸ್‌ನಲ್ಲಿ ಮೊದಲನೆಯ ತಿಂಗಳು ಭೇಟಿಯೇ ಇಲ್ಲ, ಆದರೆ ಸಂಜೆ ಏಳರಿಂದ ಎಂಟರೊಳಗೆ ಬಂದರೆ ನಿದ್ರಿಸುತ್ತಿರುವ ಮಗುವನ್ನು ನೋಡಿಕೊಂಡು ಹೋಗಬಹುದು. ಲಂಡನ್ ಆಸ್ಪತ್ರೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ತಡಿಕೆಯ ಆಚೆಯಿಂದ ಮಾತ್ರ ನೋಡಬಹುದು. ನಿದ್ರಿಸುತ್ತಿರುವ ಮಗುವನ್ನು ನೋಡಿ ಸದ್ದಿಲ್ಲದೆ ಹಿಂದಿರುಗುವ ತಾಯಿಯ ಚಿತ್ರವನ್ನು ವಾಚಕರು ಒಂದು ಕ್ಷಣ ಕಣ್ಣೆದುರಿಗೆ ತಂದುಕೊಳ್ಳಲಿ. ಆಕೆ ಬಂದಿದ್ದಳೆಂಬುದು ಮಗುವಿಗೆ ತಿಳಿಯಲೇ ಇಲ್ಲ.

ಈ ವ್ಯವಸ್ಥೆಯಲ್ಲಿ ದಾದಿಯ ಬಾಯಿಂದ ತಾಯಿಗೆ ದೊರೆಯುತ್ತಿದ್ದ ಮಾತು ಸಾಮಾನ್ಯವಾಗಿ ಒಂದೇ: ‘ಮಗು ಚೆನ್ನಾಗಿ ಹೊಂದಿಕೊಂಡಿದೆ; ನೀವು ಬಂದಾಗಲೇ ಅಳುತ್ತದೆ.’ ದಾದಿಯು ಇದನ್ನು ಸುಳ್ಳೆಂದು ತಿಳಿದು ಹೇಳುತ್ತಿರಲಿಲ್ಲ. ಅವಳ ಕಣ್ಣಿಗೆ ಕಂಡುದೇ ಹಾಗೆ. ಆಸ್ಪತ್ರೆಗೆ ಬಂದ ಮೊದಲ ದಿನಗಳಲ್ಲಿ ಮಗುವು ಮಂಚದ ಕಂಬಿಯನ್ನು ಹಿಡಿದು ಕಿರುಚುವುದು. ಕೆಲವು ದಿನಗಳಲ್ಲಿ ಸುಮ್ಮನಾಗುವುದು. ಭಾನುವಾರ ತಾಯಿಯು ಬಂದೊಡನೆ ಮತ್ತೆ ಅಳುವುದು. ಆಕೆ ಹೋದ ಮೇಲೆ ರಾತ್ರಿಯೆಲ್ಲ ಗಲಾಟೆ. ಆದುದರಿಂದ ತಾಯಿಯ ಬರವೇ ಅಳುವಿಗೆ ಕಾರಣ, ಬಾರದಿದ್ದರೆ ಮಗುವಿಗೆ ಸುಖ, ಎಂದು ತರ್ಕವು ಓಡಿತು. ಸುಮ್ಮನಾದುದು ಸಮಾಧಾನವಲ್ಲ, ಆಸೆ ಬಿಟ್ಟುದು, ಎಂಬ ಇನ್ನೊಂದು ಅರ್ಥವನ್ನು ಓದಬಲ್ಲವರು ಆ ವಾರ್ಡಿನಲ್ಲಿ ಇರಲಿಲ್ಲ.

ಇಂಗ್ಲೆಂಡಿನ ಉತ್ತರದ ನ್ಯೂಕಾಸಲ್ ಪಟ್ಟಣದಲ್ಲಿ ಮಾತ್ರ ಸರ್ ಜೇಮ್ಸ್ ಸ್ಪೆನ್ಸ್ (1892–1954) ಎಂಬ ವೈದ್ಯರು 1920ರ ದಶಕದಿಂದಲೇ ತಮ್ಮ ಕೂಸುಗಳ ಆಸ್ಪತ್ರೆಯಲ್ಲಿ ತಾಯಿಯನ್ನೂ ಮಗುವಿನ ಕೋಣೆಯಲ್ಲಿಯೇ ಇರಿಸಿಕೊಳ್ಳುತ್ತಿದ್ದರು. ಅಲ್ಲಿ ಮಗುವಿನ ಶುಶ್ರೂಷೆ ತಾಯಿಯದು. ಅವಳಿಗೆ ದಾರಿತೋರಿಸುವುದು ದಾದಿಯ ಕೆಲಸ. ತಾಯಿಗೆ ರಜೆ ಬೇಕಿಲ್ಲ, ಪಾಳಿ ಬದಲಾಗುವುದಿಲ್ಲ. ಗುಣವಾದ ಮೇಲೆ ತನ್ನ ಕೈಯಿಂದಲೇ ಗುಣವಾಯಿತೆಂಬ ಧೈರ್ಯವನ್ನು ಹೊತ್ತು ಮನೆಗೆ ಹೋಗುವಳು. 1946ರಲ್ಲಿ ಅವರು ಈ ಅನುಭವವನ್ನು ಉಪನ್ಯಾಸರೂಪವಾಗಿ ವೈದ್ಯಮಂಡಲಿಯ ಮುಂದಿಟ್ಟರು. ಆ ಉಪನ್ಯಾಸಮಾಲೆಗೆ ಇದ್ದ ಹೆಸರು ಚಾರ್ಲ್ಸ್ ವೆಸ್ಟರದೇ. ಕೇಳಿದವರು ಮೆಚ್ಚಿದರು. ಆದರೆ ತಮ್ಮ ತಮ್ಮ ವಾರ್ಡುಗಳ ಬಾಗಿಲನ್ನು ಮಾತ್ರ ಹೆಚ್ಚು ಜನ ತೆರೆಯಲಿಲ್ಲ.

ಮನಸ್ಸುಗಳನ್ನು ನಿಜವಾಗಿ ಅಲುಗಿಸಿದವರು ವೈದ್ಯರೂ ಅಲ್ಲ, ದಾದಿಯೂ ಅಲ್ಲ. ಸ್ಕಾಟ್ಲೆಂಡಿನ ಕೂಲಿಗಾರ ಮನೆತನದಲ್ಲಿ ಹುಟ್ಟಿದ ಜೇಮ್ಸ್ ರಾಬರ್ಟ್‌ಸನ್ (1911–1988) ಎಂಬವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಶಿಶುಗೃಹದಲ್ಲಿ ಒಲೆಗೆ ಕಲ್ಲಿದ್ದಲು ಹಾಕುವುದು ಮೊದಲಾದ ಚಿಲ್ಲರೆ ಕೆಲಸಕ್ಕೆ ಸೇರಿದರು. ಆ ಗೃಹವನ್ನು ನಡೆಯಿಸುತ್ತಿದ್ದ ಆನಾ ಫ್ರಾಯ್ಡ್ ಎಂಬ ವಿದುಷಿಯು ಅಡಿಗೆಯವರು, ಒಲೆಯವರು ಎನ್ನದೆ ಸಕಲರಿಗೂ ಒಂದು ನಿಯಮವನ್ನು ಹಾಕಿದ್ದರು: ಮಕ್ಕಳಲ್ಲಿ ಕಂಡುದನ್ನು ಕಂಡಹಾಗೆ ಚೀಟಿಯಲ್ಲಿ ಬರೆದಿಡಬೇಕು. ಹಾಗೆ ನೋಡಲು ಕಲಿತ ಕಣ್ಣುಗಳಿಂದ ರಾಬರ್ಟ್‌ಸನ್ನರು 1948ರ ಮೇಲೆ ಜಾನ್ ಬೌಲ್ಬಿ ಎಂಬ ಮನೋವೈದ್ಯರ ಸಹಾಯಕರಾಗಿ ಮಕ್ಕಳ ವಾರ್ಡುಗಳಲ್ಲಿ ಕುಳಿತರು. ಕಂಡುದನ್ನು ಹೇಳಿದರೆ ಯಾರೂ ನಂಬಲಿಲ್ಲ. ಮಾತಿನಿಂದ ಆಗದುದು ಚಿತ್ರದಿಂದ ಆದೀತೆಂದು ಅವರು ಒಂದು ಕ್ಯಾಮರಾವನ್ನು ಕೊಂಡರು; ಅದನ್ನು ಹಿಡಿದು ಅಭ್ಯಾಸವಿದ್ದವರೇನೂ ಅಲ್ಲ.

1952ರಲ್ಲಿ ಸಿದ್ಧವಾದ ಆ ಚಲಚ್ಚಿತ್ರದ ಹೆಸರಿನ ಅರ್ಥ ‘ಎರಡು ವರ್ಷದ ಮಗುವು ಆಸ್ಪತ್ರೆಗೆ ಹೋಗುತ್ತದೆ’ ಎಂದಷ್ಟೇ. ಹೊಕ್ಕುಳಿನ ಅಂಡವಾಯುವಿನ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ, ಎರಡು ವರ್ಷ ಐದು ತಿಂಗಳ ಲಾರಾ ಎಂಬ ಹುಡುಗಿಯ ಕಥೆಯದು. ಬೇಕಾದ ಮಗುವನ್ನು ಆರಿಸಿಕೊಂಡರೆಂಬ ಆಕ್ಷೇಪಣೆಯು ಬಾರದಿರಲೆಂದು ಕಾದಿದ್ದ ರೋಗಿಗಳ ಪಟ್ಟಿಯಿಂದ ಗುರಿಯಿಡದೆ ಹೆಸರನ್ನು ಎತ್ತಲಾಗಿದ್ದಿತು. ಅಳುವ ಹೊತ್ತನ್ನೇ ಕಾದು ತೆಗೆದರೆಂಬ ಮಾತು ಬಾರದಿರಲೆಂದು ದಿನದ ಗೊತ್ತಾದ ವೇಳೆಯಲ್ಲಿಯೇ ಚಿತ್ರ ತೆಗೆದು ಗೋಡೆಯ ಗಡಿಯಾರವೂ ಅದರಲ್ಲಿ ಕಾಣುವಂತೆ ಮಾಡಲಾಗಿದ್ದಿತು. ಲಾರಾ ಬಹಳ ಅಳುವ ಮಗುವೇ ಅಲ್ಲ. ತುಟಿಯನ್ನು ಬಿಗಿಹಿಡಿದು, ತನ್ನ ಕರಡಿಬೊಂಬೆಯನ್ನೂ ಮನೆಯಿಂದ ತಂದ ಕಂಬಳಿಯ ತುಂಡನ್ನೂ ಅವುಚಿಕೊಂಡು, ನಡುನಡುವೆ ಯಾರನ್ನೂ ಕುರಿತಲ್ಲದಂತೆ ಮೆಲುದನಿಯಲ್ಲಿ ಅಮ್ಮನನ್ನು ಕೇಳುತ್ತಾಳೆ. ದಾದಿಯೊಬ್ಬಳು ಬಂದು ಆಟವಾಡಿಸಿದಾಗ ಮಾತ್ರ ಆ ಕಟ್ಟು ಒಡೆದು ಅಳು ಹೊರಬೀಳುತ್ತದೆ. ಇದನ್ನು ಕಂಡವರು ಗಮನಿಸಬೇಕಾದುದೇನೆಂದರೆ, ಅಕ್ಕರೆಯ ದಾದಿಯು ಬಂದುದರಿಂದ ಮಗುವು ಅತ್ತಿತು. ಆ ಅಳುವು ದಾದಿಯ ಸೋಲಲ್ಲ, ಮಗುವು ಅವಳಲ್ಲಿಟ್ಟ ನಂಬಿಕೆ. ಕೊನೆಯ ದಿನ ತಾಯಿಯು ಕರೆದೊಯ್ಯಲು ಬಂದಾಗ ಲಾರಾ ತನ್ನ ಸಾಮಾನುಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ಹೊರಟಳು. ಆದರೆ ತಾಯಿಯು ಚಾಚಿದ ಕೈಯನ್ನು ಹಿಡಿಯಲಿಲ್ಲ.

ಆ ವರ್ಷದ ನವೆಂಬರ್ ತಿಂಗಳಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಎಂಬ ವೈದ್ಯರ ಸಂಘದಲ್ಲಿ ಈ ಚಿತ್ರವನ್ನು ತೋರಿಸಿದಾಗ ಸಭೆಯು ಕೆರಳಿತು. ವೃತ್ತಿಗೇ ಕಳಂಕ ಹಚ್ಚಿದರೆಂದರು ಕೆಲವರು. ಈ ಮಗುವೇ ಅಸಹಜವೆಂದರು ಮತ್ತೆ ಕೆಲವರು. ಕೆಲವು ವರ್ಷಗಳವರೆಗೆ ಚಿತ್ರವನ್ನು ವೃತ್ತಿಯವರ ಹೊರತು ಅನ್ಯರಿಗೆ ತೋರಿಸಲೇ ಇಲ್ಲ. ಅಂದು ಸಿಟ್ಟಾದವರಲ್ಲಿ ಡರ್ಮಡ್ ಮೆಕಾರ್ಥಿ ಎಂಬ ಮಕ್ಕಳ ವೈದ್ಯರೂ ಒಬ್ಬರು. ಆದರೆ ತಮ್ಮ ವಾರ್ಡಿಗೆ ಹಿಂದಿರುಗಿ ನೋಡಿದಾಗ ಚಿತ್ರದಲ್ಲಿ ಕಂಡುದೇ ಅಲ್ಲಿಯೂ ಕಂಡಿತು. ಸಿಟ್ಟನ್ನು ನುಂಗಿ, ಕಂಡುದನ್ನು ಒಪ್ಪಿಕೊಳ್ಳುವ ಈ ಗುಣವು ವಿದ್ವಾಂಸರಲ್ಲಿ ದುರ್ಲಭವಾದುದು. ಅಮರ್ಶಮ್ ಊರಿನ ಆಸ್ಪತ್ರೆಯಲ್ಲಿ ಅವರೂ ವಾರ್ಡಿನ ಮುಖ್ಯ ದಾದಿಯಾದ ಸಿಸ್ಟರ್ ಐವಿ ಮಾರಿಸರೂ ಕೂಡಿ ತಾಯಂದಿರನ್ನು ಮಕ್ಕಳೊಡನೆ ಇರಿಸಿಕೊಂಡರು. ರಾಬರ್ಟ್‌ಸನ್ನರು 1958ರಲ್ಲಿ ತೆಗೆದ ಎರಡನೆಯ ಚಿತ್ರವು ಅಲ್ಲಿಯದೇ; ಅದರಲ್ಲಿನ ಇಪ್ಪತ್ತು ತಿಂಗಳ ಮಗುವಿಗೂ ಶಸ್ತ್ರಚಿಕಿತ್ಸೆಯಾಗುತ್ತದೆ, ನೋವೂ ಆಗುತ್ತದೆ; ಆದರೆ ತಾಯಿಯು ಪಕ್ಕದಲ್ಲಿರುವಳು.

ರಾಬರ್ಟ್‌ಸನ್ನರ ಪತ್ನಿಯಾದ ಜಾಯ್ಸ್ ಅವರು ತಮ್ಮ ನಾಲ್ಕು ವರ್ಷದ ಮಗಳ ಗಂಟಲಿನ ಶಸ್ತ್ರಚಿಕಿತ್ಸೆಯ ವೃತ್ತಾಂತವನ್ನು 1956ರಲ್ಲಿ ಪ್ರಕಟಿಸಿದರು. ಆಗುವುದನ್ನು ಮುಂಚಿತವಾಗಿ ಮಗುವಿಗೆ ತಿಳಿಯುವ ಮಾತುಗಳಲ್ಲಿ ಹೇಳಿ, ಅದರ ಪ್ರಶ್ನೆಗಳಿಗೆಲ್ಲ ಉತ್ತರಕೊಟ್ಟು, ಜೊತೆಯಲ್ಲಿಯೇ ಇದ್ದು ನೋಡಿಕೊಂಡ ತಾಯಿಯ ದಿನಚರಿಯದು. ಹೇಳಿದರೆ ಹೆದರುವುದೆಂಬ ಭಯದಿಂದ ಹೇಳದಿರುವುದೇ ಲೋಕದ ವಾಡಿಕೆ. ಆದರೆ ಹೇಳದಿದ್ದರೆ ಮಗುವು ಏನನ್ನೂ ಕಲ್ಪಿಸಿಕೊಳ್ಳದೆ ಇರುವುದೆಂದು ತಿಳಿಯುವುದು ತಪ್ಪು. ತಾನು ಮಾಡಿದ ತಂಟೆಗೆ ಇದು ಶಿಕ್ಷೆಯೆಂದು ಎಷ್ಟೋ ಮಕ್ಕಳು ತಿಳಿಯುತ್ತವೆ.

ದಾದಿಯರೇಕೆ ಇಷ್ಟು ಕಾಲ ಕಣ್ಣಿದ್ದೂ ಕಾಣದಂತಿದ್ದರು? ಈ ಪ್ರಶ್ನೆಗೆ ಇಸಬೆಲ್ ಮೆಂಜಿಸ್ ಎಂಬ ಸಂಶೋಧಕಿಯು 1959–60ರಲ್ಲಿ ಬರೆದ ಲೇಖನವು ಒಳ್ಳೆಯ ಉತ್ತರವಾಗಿದೆ. ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸವನ್ನು ತುಂಡುತುಂಡಾಗಿ ಹಂಚಿದ್ದರು: ಒಬ್ಬಳು ಎಲ್ಲರ ಜ್ವರ ನೋಡುವವಳು, ಒಬ್ಬಳು ಎಲ್ಲರಿಗೆ ಮೈ ಒರಸುವವಳು, ಒಬ್ಬಳು ಔಷಧ ಕುಡಿಸುವವಳು. ಎಳೆಯ ದಾದಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. ರೋಗಿಯನ್ನು ಹೆಸರಿನಿಂದಲ್ಲದೆ ಮಂಚದ ಸಂಖ್ಯೆಯಿಂದಲೋ ಕೆಟ್ಟ ಅವಯವದಿಂದಲೋ ಸೂಚಿಸುತ್ತಿದ್ದರು. ಇದೆಲ್ಲವೂ ದಾದಿಯ ಮನಸ್ಸನ್ನು ರೋಗಿಯ ದುಃಖದಿಂದ ಕಾಪಾಡುವುದಕ್ಕೆ ತಾನಾಗಿ ಬೆಳೆದ ಬೇಲಿಯೆಂದು ಆಕೆಯು ತೋರಿಸಿಕೊಟ್ಟರು. ಬೇಲಿಯು ದಾದಿಯನ್ನೂ ಕಾಪಾಡಲಿಲ್ಲ. ಕಲಿಯಲು ಬಂದವರಲ್ಲಿ ಅನೇಕರು ಮಧ್ಯದಲ್ಲಿಯೇ ಕೆಲಸ ಬಿಟ್ಟುಹೋಗುತ್ತಿದ್ದರು. ದಾದಿಯ ಮೌನವನ್ನು ಕಠಿಣಹೃದಯವೆಂದು ದೂರುವವರು ಈ ಲೇಖನವನ್ನು ಓದಬೇಕು.

ಬ್ರಿಟಿಷ್ ಸರಕಾರವು ಮೂಳೆವೈದ್ಯರಾದ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು 1959ರಲ್ಲಿ ವರದಿಯನ್ನು ಒಪ್ಪಿಸಿತು. ಭೇಟಿಗೆ ಹೊತ್ತಿನ ಕಟ್ಟು ಇರಬಾರದು. ಐದು ವರ್ಷದೊಳಗಿನ ಮಗುವಿನೊಡನೆ ತಾಯಿಯು ಇರಲು ಅನುಕೂಲ ಮಾಡಬೇಕು. ವೈದ್ಯರಿಗೂ ದಾದಿಯರಿಗೂ ಮಗುವಿನ ಮನಸ್ಸಿನ ವಿಷಯದಲ್ಲಿ ಶಿಕ್ಷಣ ಕೊಡಬೇಕು, ಎಂಬುವು ಅದರ ಶಿಫಾರಸುಗಳಲ್ಲಿ ಮುಖ್ಯವಾದುವು. ಸರಕಾರವು ಒಪ್ಪಿತು. ಒಪ್ಪಿಗೆಗೂ ಆಚರಣೆಗೂ ಇರುವ ದೂರವು ಎಲ್ಲ ದೇಶಗಳಲ್ಲಿಯೂ ಒಂದೇ. 1961ರಲ್ಲಿ ರಾಬರ್ಟ್‌ಸನ್ನರು ವೃತ್ತಪತ್ರಿಕೆಯಲ್ಲಿ ಬರೆದು, ದೂರದರ್ಶನದಲ್ಲಿ ಮಾತನಾಡಿ, ವರದಿಯು ಏನನ್ನು ಹೇಳಿದೆಯೆಂಬುದನ್ನು ತಂದೆತಾಯಿಗಳಿಗೇ ನೇರವಾಗಿ ತಿಳಿಸಿದರು. ಲಂಡನ್ನಿನ ಬ್ಯಾಟರ್ಸೀ ಭಾಗದ ಕೆಲವು ತಾಯಂದಿರು ಕೂಡಿ ಅದೇ ವರ್ಷ ಒಂದು ಸಂಘವನ್ನು ಕಟ್ಟಿ, ತಮ್ಮ ಊರಿನ ಆಸ್ಪತ್ರೆಗಳ ಬಾಗಿಲಿಗೆ ಹೋಗಿ ವರದಿಯನ್ನು ಜ್ಞಾಪಿಸತೊಡಗಿದರು. ಬಾಗಿಲುಗಳು ಒಂದೊಂದಾಗಿ ತೆರೆದುವು. ಪೂರ್ತಿಯಾಗಿ ತೆರೆಯಲು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಹಿಡಿಯಿತು.

ತಾಯಿಯು ಒಳಗೆ ಬಂದ ಮೇಲೆ ದಾದಿಗೆ ಹೊಸ ಕಷ್ಟವು ಒದಗಿತು. ಹಿಂದೆ ಮಗುವಿನೊಡನೆ ಮಾತನಾಡಿದರೆ ಸಾಕಾಗಿತ್ತು. ಈಗ ತನ್ನ ಕೈಕೆಲಸವನ್ನು ದಿನವೆಲ್ಲ ನೋಡುತ್ತ ಕುಳಿತ, ಭಯದಿಂದ ನಿದ್ರೆಗೆಟ್ಟ ಇನ್ನೊಬ್ಬಳಿರುವಳು. ಯಾವುದನ್ನು ತಾಯಿ ಮಾಡಬೇಕು, ಯಾವುದನ್ನು ದಾದಿ ಮಾಡಬೇಕು? ಗ್ರೇಟ್ ಆರ್ಮಂಡ್ ಬೀದಿಯ ಅದೇ ಆಸ್ಪತ್ರೆಯಲ್ಲಿದ್ದ ಆನ್ ಕೇಸಿ ಎಂಬ ದಾದಿಯು 1988ರಲ್ಲಿ ಇದಕ್ಕೆ ಒಂದು ಸೂತ್ರವನ್ನು ರಚಿಸಿದರು. ಮಗುವಿನ ಪಾಲನೆಯು ಮನೆಯವರದು, ದಾದಿಯು ಅದರಲ್ಲಿ ಪಾಲುಗಾರಳು. ಪಾಲನ್ನು ಊಹೆಯಿಂದಲ್ಲ, ಕೇಳಿ ಗೊತ್ತುಮಾಡಿಕೊಳ್ಳಬೇಕು. ಕೆಲವು ತಾಯಂದಿರಿಗೆ ಗಾಯದ ಕಟ್ಟನ್ನು ಬಿಚ್ಚುವ ಧೈರ್ಯವಿರುವುದು. ಕೆಲವರಿಗೆ ಮನೆಯಲ್ಲಿ ಇನ್ನೂ ಮೂರು ಮಕ್ಕಳಿರುವುವು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಹೋದವಳನ್ನು ಅಕ್ಕರೆಯಿಲ್ಲದವಳೆಂದು ತಿಳಿದರೆ ಹಳೆಯ ನಿಯಮದ ಕ್ರೌರ್ಯವೇ ಹೊಸ ವೇಷದಲ್ಲಿ ಬಂದಂತಾಗುವುದು.

ಮಗುವಿನೊಡನೆ ಆಡುವ ಮಾತಿನ ಕಲೆಯೂ ಈ ಅವಧಿಯಲ್ಲಿ ಬೆಳೆಯಿತು. ದಾದಿಯು ಮಂಚದ ಎತ್ತರಕ್ಕೆ ಬಾಗಿ ಅಥವಾ ನೆಲದ ಮೇಲೆಯೇ ಕುಳಿತು ಮಗುವಿನ ಕಣ್ಣಿಗೆ ಕಣ್ಣು ಸಮನಾಗಿ ಮಾತನಾಡುವಳು. ಬೊಂಬೆಗೆ ಮೊದಲು ಸೂಜಿ ಹಾಕಿ ತೋರಿಸಿ, ಸೂಜಿಯಿಲ್ಲದ ಪಿಚಕಾರಿಯನ್ನು ಮಗುವಿನ ಕೈಗೇ ಕೊಡುವಳು. ನೋಯುವುದಿಲ್ಲವೆನ್ನದೆ, ‘ಇರುವೆ ಕಚ್ಚಿದಷ್ಟು ನೋಯುತ್ತದೆ, ಐದು ಎಣಿಸುವುದರೊಳಗೆ ಮುಗಿಯುತ್ತದೆ’ ಎನ್ನುವಳು. ಚುಚ್ಚಿಸಿಕೊಳ್ಳಬೇಡವೇ ಎಂದು ಕೇಳದೆ, ಯಾವ ಕೈಗೆ ಎಂದು ಕೇಳುವಳು. ಮೊದಲನೆಯದು ಇಲ್ಲದ ಆಯ್ಕೆ, ಎರಡನೆಯದು ನಿಜವಾದ ಆಯ್ಕೆ. ಮಗುವು ಸೇರಿದ ದಿನವೇ ಮನೆಯ ಮಾತುಗಳನ್ನು ತಾಯಿಯಿಂದ ಕೇಳಿ ಬರೆದುಕೊಳ್ಳುವ ಪದ್ಧತಿಯೂ ಒಂದುಂಟು. ಕನ್ನಡದ ಕೂಸು ಅನ್ನಕ್ಕೆ ಒಂದು ಮನೆಯಲ್ಲಿ ಬುವ್ವವೆನ್ನುವುದು, ಇನ್ನೊಂದರಲ್ಲಿ ಮಮ್ಮು ಎನ್ನುವುದು, ಮಲಗುವುದಕ್ಕೆ ತಾಚಿಯೆನ್ನುವುದು. ಇದನ್ನರಿಯದ ದಾದಿಯ ಮುಂದೆ ಅದು ಹಸಿದು ಕೇಳಿದರೂ ಹಟವೆಂದೇ ಎಣಿಕೆಯಾದೀತು.

ಕರ್ನಾಟಕದ ಆಸ್ಪತ್ರೆಗಳಲ್ಲಿ ತಾಯಿಯನ್ನು ಮಗುವಿನ ಮಂಚದಿಂದ ಅಗಲಿಸುವ ವಾಡಿಕೆಯು ಇಂಗ್ಲೆಂಡಿನಷ್ಟು ಬೇರೂರಲಿಲ್ಲ. ಮಗುವಿನೊಡನೆ ತಾಯಿ, ತಾಯಿಯೊಡನೆ ಅಜ್ಜಿ, ಹೊರಗೆ ಬುತ್ತಿ ಹಿಡಿದ ಸೋದರಮಾವ, ಹೀಗೆ ಸಂಸಾರವೇ ಬಂದಿಳಿಯುವುದು. ಇದು ದೊಡ್ಡ ಭಾಗ್ಯವೇ ಹೌದು. ಆದರೆ ಹತ್ತಿರವಿದ್ದ ಮಾತ್ರಕ್ಕೆ ಮಾತು ನಡೆಯಿತೆಂದಲ್ಲ. ಕೈತುಂಬ ರೋಗಿಗಳಿರುವ ದಾದಿಯು ಅಪ್ಪಣೆಯ ಧಾಟಿಯಲ್ಲಿಯೇ ನುಡಿದು ಸರಿಯುವಳು. ತಾಯಿಯು ಕೇಳಬೇಕೆಂದು ಕಟ್ಟಿಕೊಂಡಿದ್ದ ಪ್ರಶ್ನೆಯನ್ನು ಸೆರಗಿನಲ್ಲಿಯೇ ಇಟ್ಟುಕೊಳ್ಳುವಳು. ದಾದಿಯರಲ್ಲಿ ಬಹುಮಂದಿ ಕೇರಳದಿಂದ ಬಂದು ಕನ್ನಡವನ್ನು ವಾರ್ಡಿನಲ್ಲಿಯೇ ಕಲಿತವರು. ಮಗುವಿನ ಮನೆಮಾತು ತುಳುವೋ ಉರ್ದುವೋ ಲಂಬಾಣಿಯೋ ಆಗಿರಬಹುದು. ಇದಲ್ಲದೆ ಮನೆಯವರೇ ಮಾಡುವ ಒಂದು ಅಪಕಾರವುಂಟು. ಊಟಮಾಡದ ಮಗುವಿಗೆ ‘ನರ್ಸಮ್ಮನ ಕೈಲಿ ಸೂಜಿ ಹಾಕಿಸುತ್ತೇನೆ’ ಎಂದು ಗದರಿಸುವುದು. ಗುಮ್ಮನ ಸ್ಥಾನಕ್ಕೆ ಏರಿಸಲ್ಪಟ್ಟ ದಾದಿಯು ಎಷ್ಟು ಇಂಪಾಗಿ ಮಾತನಾಡಿದರೂ ಆ ಮಗುವು ನಂಬುವುದೆಂತು?

ಒಂದು ಸ್ಥಳದಲ್ಲಿ ಮಾತ್ರ ಭಾರತದಲ್ಲಿಯೂ ತಾಯಿಯು ಗಾಜಿನ ಆಚೆಗೆ ನಿಂತಿದ್ದಳು. ಅದು ತಿಂಗಳು ತುಂಬುವ ಮುಂಚೆ ಹುಟ್ಟಿದ ಶಿಶುಗಳ ವಿಶೇಷ ಕೋಣೆ. ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಡಾಕ್ಟರ್ ಎಡ್ಗರ್ ರೇ ಅವರು ಅಂತಹ ಶಿಶುಗಳನ್ನು ತಾಯಿಯ ಎದೆಯ ಮೇಲೆಯೇ ಕಟ್ಟಿ ಕಾಪಾಡುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಎಂಬ ಪ್ರಾಣಿಯ ಹೆಸರು ಅದಕ್ಕೆ ಬಂದಿತು. ಅದು ಹರಡುತ್ತ ಬಂದು ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕಾಲೇಜಿನವರ ಪ್ರಯತ್ನದಿಂದ ಜಿಲ್ಲೆಯಾದ್ಯಂತ ಆಚರಣೆಗೆ ಬಂದಿತು. 2017ರಲ್ಲಿ ಭಾರತ ಸರಕಾರವು ಶಿಶುಗಳ ವಿಶೇಷ ಕೋಣೆಗಳೊಳಕ್ಕೆ ಮನೆಯವರನ್ನು ಕರೆದುಕೊಂಡು, ಅವರಿಗೆ ಪಾಲನೆಯನ್ನು ಕಲಿಸಬೇಕೆಂದು ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ದಾದಿಯು ತಾಯಿಗೆ ಕೈತೊಳೆಯುವ ಬಗೆಯನ್ನೂ, ಶಿಶುವಿನ ಉಸಿರು, ಮೈಬಣ್ಣಗಳಲ್ಲಿ ಅಪಾಯವನ್ನು ಗುರುತಿಸುವ ಬಗೆಯನ್ನೂ ತಿಳಿಸಿಕೊಡುವಳು. ಮೊಲೆಯನ್ನು ಚೀಪಲಾರದ ಶಿಶುವಿಗೆ ಹಿಂಡಿದ ಹಾಲನ್ನು ತೊಟ್ಟುತೊಟ್ಟಾಗಿ ಕುಡಿಸುವುದಕ್ಕೆ ಆ ಕೋಣೆಗಳಲ್ಲಿ ಬಳಸುವ ಮೂತಿಯುಳ್ಳ ಪುಟ್ಟ ಪಾತ್ರೆಯು ಬೇರೆ ಯಾವುದೂ ಅಲ್ಲ, ಕನ್ನಡದ ಮನೆಗಳ ಒಳಲೆಯೇ. ಅದನ್ನು ಹಿಡಿಯುವ ಕ್ರಮವನ್ನು ದಾದಿಯು ತಾಯಿಗೆ ಹೇಳಿಕೊಡುತ್ತಿರುವಾಗ, ಬಾಗಿಲ ಹೊರಗೆ ಕುಳಿತಿರುವ ಅಜ್ಜಿಯನ್ನೂ ಒಂದು ಮಾತು ಕೇಳಬಹುದು.